ಉತ್ಪನ್ನದ ಛಾಯಾಚಿತ್ರ: ಛಾಯಾಗ್ರಾಹಕರ ಆಯ್ಕೆ ಮತ್ತು ವರ್ತಕರ ಹೊಣೆ

ಚಿಕ್ಕಬಳ್ಳಾಪುರ ಜಿಲ್ಲೆಯ ಸರಕುಗಳ ಹಣೆಬರಹ ವಿಚಿತ್ರವಾದದ್ದು. ಇಲ್ಲಿನ ತೋಟಗಳಲ್ಲಿ ಬೆಳೆಯುವ ಕಪ್ಪು ದ್ರಾಕ್ಷಿ ‘ಬೆಂಗಳೂರು ಬ್ಲೂ’ ಎಂದು ಹೆಸರಾಗಿದೆ. ಇಲ್ಲಿನ ಹೊಲಗಳಲ್ಲಿ ಬೆಳೆಯುವ ಸಣ್ಣ ಈರುಳ್ಳಿ ‘ಬೆಂಗಳೂರು ರೋಸ್’ ಎಂದು ಹಡಗು ಹತ್ತುತ್ತದೆ. ಎರಡಕ್ಕೂ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಕೂಡ ಬೆಂಗಳೂರಿನ ಹೆಸರಿನಲ್ಲಿಯೇ ಇದೆ. ಶಿಡ್ಲಘಟ್ಟದ ಗೂಡಿನಿಂದ ಬಿಚ್ಚಿದ ರೇಷ್ಮೆ ನೂಲು ಪರ ಊರಿನ ಮಗ್ಗವನ್ನೇರಿ, ಆ ಊರಿನ ಸೀರೆಯಾಗಿ ಮಾರಾಟವಾಗುತ್ತದೆ. ಬೆವರು ಇಲ್ಲಿಯದು, ಹೆಸರು ಇನ್ನೊಂದೆಡೆಯದು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾದ ಮೇಲೆಯೂ ವ್ಯಾಪಾರದ ಮಟ್ಟಿಗೆ ಈ ಸ್ಥಿತಿ ಹೆಚ್ಚು ಬದಲಾಗಿಲ್ಲ.

ಆದರೆ ಈಚಿನ ವರ್ಷಗಳಲ್ಲಿ ಸಣ್ಣ ತಯಾರಕರಲ್ಲಿ ಒಂದು ಹೊಸ ಪ್ರವೃತ್ತಿ ಕಾಣಿಸಿಕೊಂಡಿದೆ. ಗೌರಿಬಿದನೂರು ತಾಲ್ಲೂಕಿನ ಹೋಬಳಿಯಾಗಿದ್ದು ಇತ್ತೀಚೆಗೆ ತಾನೇ ತಾಲ್ಲೂಕಾದ ಮಂಚೇನಹಳ್ಳಿಯಂಥ ಊರಿನಲ್ಲಿಯೂ ಮಸಾಲೆ ಪುಡಿ, ಉಪ್ಪಿನಕಾಯಿ, ರಾಗಿ ಮಾಲ್ಟ್, ಅಗರಬತ್ತಿ, ಸಿದ್ಧ ಉಡುಪು ಮೊದಲಾದವುಗಳನ್ನು ಚಿಲ್ಲರೆಯಾಗಿ ಕಟ್ಟಿ, ಸ್ವಂತ ಹೆಸರಿನ ಚೀಟಿ ಅಂಟಿಸಿ, ದೂರದ ಗ್ರಾಹಕನಿಗೆ ನೇರವಾಗಿ ಮಾರಬೇಕೆಂಬ ಹಂಬಲವನ್ನು ಕಾಣಬಹುದು. ಈ ಹಂಬಲ ಕೈಗೂಡುವುದು ಅಥವಾ ಕೈಕೊಡುವುದು ಬಹುಪಾಲು ಒಂದು ಸಣ್ಣ ವಸ್ತುವಿನ ಮೇಲೆ ನಿಂತಿದೆ. ಅದು ಉತ್ಪನ್ನದ ಛಾಯಾಚಿತ್ರ.

ಹಿಂದೆ ವರ್ತಕರು ಹೊಸ ಊರಿನ ಏಜೆಂಟರಿಗೆ ಸರಕಿನ ಮಾದರಿ ಪೊಟ್ಟಣವನ್ನು ಕಳುಹಿಸುತ್ತಿದ್ದರು. ಆತ ಅದನ್ನು ಬಿಚ್ಚಿ, ಮೂಸಿ, ಬೆರಳುಗಳ ನಡುವೆ ಉಜ್ಜಿ ನೋಡಿ ಬೇಡಿಕೆ ಸಲ್ಲಿಸುತ್ತಿದ್ದನು. ಇಂದು ಮೊಬೈಲಿನ ಪರದೆಯ ಮೇಲಿನ ಚಿತ್ರವೇ ಆ ಮಾದರಿ ಪೊಟ್ಟಣ. ಸರಕು ಮಾರಾಟ ಕಾಯಿದೆ, 1930ರ 17ನೆಯ ಪ್ರಕರಣವು ಮಾದರಿಯನ್ನು ತೋರಿಸಿ ಮಾರಿದ ಸರಕು ಮಾದರಿಗೆ ತಕ್ಕಂತೆಯೇ ಇರಬೇಕೆಂದು ವಿಧಿಸುತ್ತದೆ. 15ನೆಯ ಪ್ರಕರಣವು ವರ್ಣನೆಯ ಮೇಲೆ ಮಾರಿದ ಸರಕಿಗೂ ಅಂಥದೇ ಷರತ್ತನ್ನು ಹಾಕುತ್ತದೆ. ಮಾದರಿ ಪೊಟ್ಟಣವನ್ನು ಕಟ್ಟುವಾಗ ಹಳೆಯ ತಲೆಮಾರಿನ ವರ್ತಕರು ಎಷ್ಟು ಜಾಗರೂಕರಾಗಿರುತ್ತಿದ್ದರೋ ಅಷ್ಟೇ ಜಾಗರೂಕತೆ ಚಿತ್ರ ತೆಗೆಸುವಾಗಲೂ ಇರಬೇಕಾದದ್ದು ನ್ಯಾಯ. ವಾಸ್ತವದಲ್ಲಿ ಹಾಗಿಲ್ಲ. ಯಂತ್ರಕ್ಕೆ ಲಕ್ಷಗಟ್ಟಲೆ ಸಾಲ ಮಾಡುವ ಉದ್ಯಮಿ ಚಿತ್ರದ ವಿಷಯ ಬಂದಾಗ ‘ಯಾರಾದರೊಬ್ಬರಿಂದ ತೆಗೆಸಿದರಾಯಿತು’ ಎನ್ನುತ್ತಾರೆ.

ಈ ‘ಯಾರಾದರೊಬ್ಬರು’ ಸಾಮಾನ್ಯವಾಗಿ ಮೂರು ಬಗೆ. ಮೊದಲನೆಯದು ಅಂತರಜಾಲ. ಅಲ್ಲಿ ಸಿಕ್ಕಿದ ಮೆಣಸಿನ ಪುಡಿಯ ಚಿತ್ರವೊಂದನ್ನು ಎತ್ತಿ ತನ್ನ ಪೊಟ್ಟಣದ ಮೇಲೆ ಅಚ್ಚು ಹಾಕಿಸುವುದು. ಅದು ಪರರ ಸ್ವತ್ತು. ಕೃತಿಸ್ವಾಮ್ಯ ಕಾಯಿದೆ, 1957ರ 63ನೆಯ ಪ್ರಕರಣದಂತೆ ತಿಳಿದೂ ತಿಳಿದು ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷಗಳವರೆಗಿನ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂ.ವರೆಗಿನ ದಂಡ ವಿಧಿಸಲು ಅವಕಾಶವಿದೆ. ಕಾನೂನಿನ ಮಾತು ಒತ್ತಟ್ಟಿಗಿರಲಿ. ಅದೇ ಚಿತ್ರವನ್ನು ಇನ್ನು ಹತ್ತು ಮಂದಿ ಬಳಸಿರುವಾಗ ಗ್ರಾಹಕನಿಗೆ ಈ ಪುಡಿಯನ್ನೇ ಕೊಳ್ಳಬೇಕೆನ್ನಿಸಲು ಕಾರಣವೇನು? ಎರಡನೆಯ ಬಗೆ, ಮನೆಯ ಹುಡುಗನ ಮೊಬೈಲು. ಇಂದಿನ ಮೊಬೈಲುಗಳು ಸಾಮಾನ್ಯವಲ್ಲ ಎಂಬುದು ನಿಜ. ವಾಟ್ಸ್‌ಆ್ಯಪ್ ಮೂಲಕ ದಿನದ ಹೊಸ ಸರಕನ್ನು ಪರಿಚಿತ ಗಿರಾಕಿಗಳಿಗೆ ತೋರಿಸಲು ಅವು ಸಾಕು. ಆದರೆ ಮೊಬೈಲು ತನ್ನಷ್ಟಕ್ಕೆ ತಾನೇ ಬಣ್ಣವನ್ನು ಉಜ್ಜ್ವಲಗೊಳಿಸುತ್ತದೆ. ಅರಿಸಿನದ ಪುಡಿ ಕೇಸರಿಯಾಗಿ ಕಂಡರೆ ಕೆಡುವುದು ತಯಾರಕರ ಹೆಸರೇ ಹೊರತು ಮೊಬೈಲಿನ ಹೆಸರಲ್ಲ.

ಮೂರನೆಯದು ಊರಿನ ಸ್ಟುಡಿಯೋ. ಮದುವೆ, ನಾಮಕರಣ, ಗೃಹಪ್ರವೇಶಗಳೇ ಇವರ ಮುಖ್ಯ ಕಸುಬು. ಇವರನ್ನು ಹಗುರವಾಗಿ ಕಾಣುವ, ‘ಬೆಂಗಳೂರಿನವರೇ ಬೇಕು’ ಎನ್ನುವ ಮನೋಭಾವ ವರ್ತಕರಲ್ಲಿ ಹೆಚ್ಚುತ್ತಿರುವುದು ಸರಿಯಲ್ಲ. ಮಂಟಪದ ನೂಕುನುಗ್ಗಲಿನಲ್ಲಿ, ಕ್ಷಣಕ್ಷಣಕ್ಕೆ ಬದಲಾಗುವ ಬೆಳಕಿನಲ್ಲಿ, ಮಾಂಗಲ್ಯಧಾರಣೆಯ ಆ ಒಂದು ಗಳಿಗೆಯನ್ನು ತಪ್ಪದೆ ಹಿಡಿಯುವ ಕೈ ಸಾಮಾನ್ಯದ ಕೈಯಲ್ಲ. ಕೊರತೆ ಬೇರೆ ಕಡೆ ಇದೆ. ಮದುವೆಯಲ್ಲಿ ಏನು ತೆಗೆಯಬೇಕೆಂಬುದು ಛಾಯಾಗ್ರಾಹಕರಿಗೆ ಮೊದಲೇ ಗೊತ್ತು. ಶಾಸ್ತ್ರವೇ ಅವರಿಗೆ ಪಟ್ಟಿ ಕೊಟ್ಟಿರುತ್ತದೆ. ಉತ್ಪನ್ನದ ವಿಷಯದಲ್ಲಿ ಆ ಪಟ್ಟಿಯನ್ನು ಕೊಡಬೇಕಾದವರು ತಯಾರಕರು. ಅವರು ಕೊಡುವುದಿಲ್ಲ. ‘ಚೆನ್ನಾಗಿ ತೆಗೆಯಿರಿ’ ಎಂದಷ್ಟೇ ಹೇಳಿ, ಮಧ್ಯಾಹ್ನ ಬಂದು ಚಿತ್ರ ನೋಡಿ, ಮುಖ ಗಂಟಿಕ್ಕುತ್ತಾರೆ. ಹಿತ್ತಾಳೆ ತಟ್ಟೆ, ಹೂವು, ಬಾಳೆಲೆ, ರಂಗೋಲಿ ಎಲ್ಲವೂ ಚಿತ್ರದಲ್ಲಿ ಬಂದು, ಪೊಟ್ಟಣದ ಮೇಲಿನ ಹೆಸರೇ ಓದಲಾಗದಂತಿರುವ ಉದಾಹರಣೆಗಳು ಬೇಕಾದಷ್ಟಿವೆ. ಮದುವೆಯ ಸಂಭ್ರಮದಲ್ಲಿ ತಾಳಿ ಕಟ್ಟುವುದನ್ನೇ ಮರೆತಂತೆ.

ಹಾಗಾದರೆ ಆಯ್ಕೆ ಹೇಗೆ? ಛಾಯಾಗ್ರಾಹಕರ ಬಳಿ ಯಾವ ಕ್ಯಾಮೆರಾ ಇದೆ ಎಂದು ಕೇಳುವುದು ಬಾಣಸಿಗರ ಬಳಿ ಯಾವ ಸೌಟು ಇದೆ ಎಂದು ಕೇಳಿದಷ್ಟೇ ವ್ಯರ್ಥ. ಕೇಳಬೇಕಾದದ್ದು ಬೆಳಕಿನ ವಿಚಾರ. ಏಕೆಂದರೆ ಪ್ರತಿಯೊಂದು ಸರಕೂ ತನ್ನದೇ ಆದ ಬೆಳಕನ್ನು ಬೇಡುತ್ತದೆ. ರೇಷ್ಮೆಯ ಮೇಲೆ ಎದುರಿನಿಂದ ಫ್ಲ್ಯಾಶ್ ಹೊಡೆದರೆ ಅದರ ಜೀವವಾದ ಮಿನುಗು ಸತ್ತು, ಪಾಲಿಯೆಸ್ಟರಿಗೂ ಅದಕ್ಕೂ ವ್ಯತ್ಯಾಸವಿಲ್ಲದಂತಾಗುತ್ತದೆ. ಪಕ್ಕದಿಂದ, ಬಿಳಿ ಬಟ್ಟೆಯ ಮೂಲಕ ಸೋಸಿ ಬಂದ ಓರೆ ಬೆಳಕಿನಲ್ಲಿ ಮಾತ್ರ ಮಡಿಕೆಗಳ ಏರಿಳಿತ ಮತ್ತು ಹೊಳಪು ಒಟ್ಟಿಗೆ ಕಾಣುತ್ತವೆ. ಸ್ಟೀಲ್ ಪಾತ್ರೆ ಕನ್ನಡಿಯಿದ್ದಂತೆ; ಸುತ್ತಲೂ ಬಿಳಿ ಪರದೆ ಕಟ್ಟದಿದ್ದರೆ ಅದರ ಹೊಟ್ಟೆಯಲ್ಲಿ ಛಾಯಾಗ್ರಾಹಕರೇ ನಿಂತಿರುತ್ತಾರೆ. ಹಪ್ಪಳ, ಚಕ್ಕುಲಿಗಳ ಗರಿಗರಿತನ ತೋರಬೇಕಾದರೆ ಪಕ್ಕದ ಬೆಳಕು ಬೇಕು. ಅಗರಬತ್ತಿಯ ಹೊಗೆ ಕಪ್ಪು ಹಿನ್ನೆಲೆಯಲ್ಲಿ, ಹಿಂದಿನಿಂದ ಬಂದ ಬೆಳಕಿನಲ್ಲಿ ಮಾತ್ರ ಎಳೆಎಳೆಯಾಗಿ ಕಾಣುತ್ತದೆ. ಪ್ಲಾಸ್ಟಿಕ್ ಪೊಟ್ಟಣದ ಕಷ್ಟವೇ ಬೇರೆ. ಬೆಳಕು ಕೊಂಚ ತಪ್ಪಿದರೂ ಬಿಳಿಯ ಪಟ್ಟೆಯೊಂದು ಹೆಸರಿನ ಮೇಲೆಯೇ ಕುಳಿತುಬಿಡುತ್ತದೆ. ಇನ್ನು ಹಿಟ್ಟು ಪುಡಿಗಳನ್ನು ರಾಶಿ ಹಾಕಿ ತೆಗೆದರೆ ಎಲ್ಲವೂ ಒಂದೇ. ಅದರಿಂದ ತಯಾರಾದ ತಿನಿಸಿನ ಜೊತೆ ತೋರಿಸಿದಾಗಲಷ್ಟೇ ಅರ್ಥವಾಗುತ್ತದೆ.

ಆದ್ದರಿಂದ ಛಾಯಾಗ್ರಾಹಕರ ಹಳೆಯ ಕೆಲಸವನ್ನು ನೋಡುವಾಗ ತನ್ನ ಸರಕನ್ನು ಹೋಲುವ ವಸ್ತುವಿನ ಚಿತ್ರಗಳನ್ನೇ ಕೇಳಿ ನೋಡಬೇಕು. ವಧೂವರರ ಚಿತ್ರ ಎಷ್ಟು ಸೊಗಸಾಗಿದ್ದರೂ ಅದು ಉಪ್ಪಿನಕಾಯಿ ಭರಣಿಗೆ ಸಾಕ್ಷಿಯಾಗದು. ಆಯ್ದ ಹತ್ತು ಚಿತ್ರಗಳನ್ನಲ್ಲ, ಒಂದು ಕೆಲಸಕ್ಕಾಗಿ ತೆಗೆದ ಎಲ್ಲ ಚಿತ್ರಗಳನ್ನೂ ನೋಡಬೇಕು. ಹತ್ತು ಒಳ್ಳೆಯ ಚಿತ್ರಗಳು ಅದೃಷ್ಟದಿಂದಲೂ ಬಂದಿರಬಹುದು. ನಲವತ್ತೂ ಒಂದೇ ಹದದಲ್ಲಿ ಬಂದಿದ್ದರೆ ಅದು ಕಸುಬು. ಅನಂತರ ತನ್ನದೇ ಉತ್ಪನ್ನ ಒಂದನ್ನು ಕೊಟ್ಟು, ಅದಕ್ಕೆ ತಕ್ಕ ಹಣವನ್ನೂ ಕೊಟ್ಟು, ಪರೀಕ್ಷಾರ್ಥವಾಗಿ ತೆಗೆಸಬೇಕು. ಬಿಟ್ಟಿ ಪರೀಕ್ಷೆ ಬೇಡುವುದು ಮರ್ಯಾದೆಯೂ ಅಲ್ಲ, ಲಾಭವೂ ಅಲ್ಲ. ಈ ಪರೀಕ್ಷೆಯಲ್ಲಿ ಊರಿನ ಸ್ಟುಡಿಯೋದವರೇ ಗೆದ್ದರೆ ಅವರನ್ನು ಬಿಟ್ಟು ಎರಡು ಗಂಟೆ ದಾರಿಯ ಬೆಂಗಳೂರಿಗೆ ಸರಕು ಹೊರಿಸುವ ಅಗತ್ಯವೇ ಇಲ್ಲ. ಮುಂದಿನ ತಿಂಗಳು ಹೊಸ ಪೊಟ್ಟಣ ಬಂದಾಗ ಒಂದೇ ಒಂದು ಚಿತ್ರಕ್ಕಾಗಿ ಕರೆದರೂ ಬರುವವರು ಅವರೇ. ಗೆಲ್ಲದಿದ್ದರೆ ಮುಲಾಜು ಬೇಡ. ರೇಷ್ಮೆ, ಆಭರಣ, ಗಾಜು ಇವು ಮೂರರ ಮಟ್ಟಿಗಂತೂ ನುರಿತವರನ್ನೇ ಹುಡುಕುವುದು ಲೇಸು.

ಯೋಜನೆ ಎಂಬುದು ದೊಡ್ಡ ಮಾತಲ್ಲ. ಒಂದು ಹಾಳೆಯ ಕೆಲಸ. ಚಿತ್ರ ಎಲ್ಲಿ ಬಳಕೆಯಾಗಬೇಕು ಎಂಬುದೇ ಆ ಹಾಳೆಯ ಮೊದಲ ಸಾಲಾಗಿರಬೇಕು. ಅಮೆಜಾನ್ ತಾಣದಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಅಪ್ಪಟ ಬಿಳಿಯಾಗಿರಬೇಕು, ಸರಕು ಚೌಕಟ್ಟಿನ ಶೇ. 85 ಭಾಗವನ್ನು ತುಂಬಿರಬೇಕು ಎಂಬ ನಿಯಮವಿದೆ. ಎ4 ಅಳತೆಯ ಕರಪತ್ರಕ್ಕೆ ಅಂಗುಲಕ್ಕೆ 300 ಬಿಂದುಗಳ ಲೆಕ್ಕದಲ್ಲಿ 2480ಕ್ಕೆ 3508 ಬಿಂದುಗಳ ಚಿತ್ರ ಬೇಕು. ಅಂಗಡಿ ಮುಂದಿನ ಫಲಕಕ್ಕೆ ಅಡ್ಡ ಚಿತ್ರ, ಮೊಬೈಲಿಗೆ ಉದ್ದ ಚಿತ್ರ. ಇದನ್ನು ಮೊದಲೇ ಹೇಳದಿದ್ದರೆ ತೆಗೆದ ಚಿತ್ರವನ್ನು ಕತ್ತರಿಸುವಾಗ ಬಾಟಲಿಯ ಮುಚ್ಚಳವೋ ತಳವೋ ಬಲಿಯಾಗುತ್ತದೆ. ಮುಂದಿನ ಸಾಲುಗಳಲ್ಲಿ ಯಾವ ಯಾವ ಉತ್ಪನ್ನ, ಎಷ್ಟು ತೂಕದ ಪೊಟ್ಟಣ, ಯಾವ ಯಾವ ಮಗ್ಗುಲು ಎಂಬ ಪಟ್ಟಿ ಬರಬೇಕು. ಪೊಟ್ಟಣದ ಹಿಂಬದಿಯ ಚಿತ್ರವನ್ನು ಬಹಳ ಮಂದಿ ಮರೆಯುತ್ತಾರೆ. ಒಳಗಿನ ಪದಾರ್ಥಗಳು, ನಿವ್ವಳ ತೂಕ, ಆಹಾರ ಪರವಾನಗಿಯ ಸಂಖ್ಯೆ ಇರುವುದೇ ಅಲ್ಲಿ. ಎಚ್ಚರದ ಗ್ರಾಹಕ ಮೊದಲು ಹುಡುಕುವುದೂ ಅದನ್ನೇ.

ಪಟ್ಟಿಯ ಬೆಲೆ ಲೆಕ್ಕದಲ್ಲಿ ತಿಳಿಯುತ್ತದೆ. ಛಾಯಾಗ್ರಾಹಕರ ದಿನದ ಸಂಭಾವನೆ 24 ಸಾವಿರ ರೂ. ಎಂದಿಟ್ಟುಕೊಂಡು, ಬಿಳಿ ಹಿನ್ನೆಲೆಯಲ್ಲಿ 40 ಉತ್ಪನ್ನಗಳನ್ನು ಮೂರು ಮಗ್ಗುಲಿನಿಂದ ತೆಗೆದರೆ 120 ಚಿತ್ರಗಳಾಗಿ, ಚಿತ್ರವೊಂದಕ್ಕೆ 200 ರೂ. ಬೀಳುತ್ತದೆ. ಚೀಟಿ ಸೊಟ್ಟಗೆ ಅಂಟಿದೆ, ಹೊಸ ಪೊಟ್ಟಣ ಮುದ್ರಣಾಲಯದಿಂದ ಬಂದಿಲ್ಲ, ಕರೆಂಟು ಹೋಗಿದೆ, ಯಜಮಾನರು ಬ್ಯಾಂಕಿಗೆ ಹೋಗಿದ್ದಾರೆ ಎಂದು ಅರ್ಧ ದಿನ ಕಳೆದರೆ ಅದೇ ಚಿತ್ರಕ್ಕೆ 400 ರೂ. ಸಂಭಾವನೆಯಲ್ಲಿ ಎರಡು ಸಾವಿರ ಚೌಕಾಸಿ ಮಾಡುವ ಉದ್ಯಮಿ ಈ ನಷ್ಟವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರತಿ ಉತ್ಪನ್ನದ ಎರಡು ಮೂರು ಕಳಂಕವಿಲ್ಲದ ಪೊಟ್ಟಣಗಳನ್ನು ಹಿಂದಿನ ದಿನವೇ ಆರಿಸಿಡುವುದು, ಸೀರೆ ಉಡುಪುಗಳಿಗೆ ಇಸ್ತ್ರಿ ಹಾಕಿಸುವುದು, ಜನರೇಟರಿನ ವ್ಯವಸ್ಥೆ ಮಾಡುವುದು, ಒಪ್ಪಿಗೆ ನೀಡುವ ಅಧಿಕಾರವುಳ್ಳ ಒಬ್ಬರು ಇಡೀ ದಿನ ಸ್ಥಳದಲ್ಲಿರುವುದು ಇವಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಕಾಲದ ಆಯ್ಕೆಯಲ್ಲಿ ವರ್ತಕರು ಪಂಚಾಂಗವನ್ನು ನೋಡುವುದು ಒಳ್ಳೆಯದು. ಮುಹೂರ್ತದ ತಿಂಗಳುಗಳಲ್ಲಿ ಛಾಯಾಗ್ರಾಹಕರು ಕೈಗೆ ಸಿಗುವುದಿಲ್ಲ. ಸಿಕ್ಕರೂ ಹಿಂದಿನ ರಾತ್ರಿ ಆರತಕ್ಷತೆ ಮುಗಿಸಿ, ನಿದ್ದೆಗೆಟ್ಟ ಕಣ್ಣಿನಲ್ಲಿ ಬಂದಿರುತ್ತಾರೆ. ಆಷಾಢ ಮತ್ತು ಧನುರ್ಮಾಸಗಳಲ್ಲಿ ಮದುವೆಗಳಿಲ್ಲ. ಆಗ ಅವರಿಗೆ ಬಿಡುವಿರುತ್ತದೆ, ಸಂಭಾವನೆಯಲ್ಲಿಯೂ ಮಾತಿಗೆ ಅವಕಾಶವಿರುತ್ತದೆ. ಆಷಾಢದಲ್ಲಿ ತೆಗೆಸಿದ ಚಿತ್ರ ಶ್ರಾವಣದ ವರಮಹಾಲಕ್ಷ್ಮೀ ಹಬ್ಬದಿಂದ ದೀಪಾವಳಿಯವರೆಗಿನ ಇಡೀ ವ್ಯಾಪಾರಕ್ಕೆ ಒದಗುತ್ತದೆ. ವ್ಯಾಪಾರ ಮಂದವಿರುವ ಆ ತಿಂಗಳಿನಲ್ಲಿ ತಯಾರಕರಿಗೂ ಪುರುಸೊತ್ತು. ಬೆಳೆಯ ವಿಷಯದಲ್ಲಿ ಮಾತ್ರ ಈ ಮಾತು ನಡೆಯದು. ದ್ರಾಕ್ಷಿಯ ಚಿತ್ರ ಬೇಕೆಂದರೆ ಗೊನೆ ಬಳ್ಳಿಯಲ್ಲಿರುವಾಗಲೇ, ಮಾವಿನ ಚಿತ್ರ ಬೇಕೆಂದರೆ ಹಣ್ಣು ಮರದಲ್ಲಿರುವಾಗಲೇ ತೆಗೆಯಬೇಕು. ರಸ ಅಥವಾ ಉಪ್ಪಿನಕಾಯಿ ಮಾರುವವರು ಒಂದು ಸುಗ್ಗಿ ತಪ್ಪಿಸಿಕೊಂಡರೆ ಮುಂದಿನ ಸುಗ್ಗಿಯವರೆಗೆ ಎರವಲು ಚಿತ್ರವೇ ಗತಿ.

ಸ್ಥಳದ ಬಗ್ಗೆಯೂ ಒಂದು ಮಾತು. ನಂದಿ ಬೆಟ್ಟದ ತಪ್ಪಲು ಈಗ ಮದುವೆಪೂರ್ವ ಚಿತ್ರೀಕರಣದ ನೆಚ್ಚಿನ ತಾಣ. ಅದನ್ನು ನೋಡಿ, ತನ್ನ ಸೀರೆಯನ್ನೂ ಭೋಗನಂದೀಶ್ವರ ದೇವಾಲಯದ ಕಂಬಗಳ ನಡುವೆ ತೆಗೆಸೋಣವೆಂದು ಹೊರಡುವ ವರ್ತಕರು ಅದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವೆಂಬುದನ್ನು ಮರೆಯಬಾರದು. ವಾಣಿಜ್ಯ ಚಿತ್ರೀಕರಣಕ್ಕೆ ಮುಂಚಿತವಾಗಿ ಅನುಮತಿ ಬೇಕು. ಡ್ರೋನ್ ಹಾರಿಸುವುದಿದ್ದರೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. 250 ಗ್ರಾಂ ಮೀರಿದ ಡ್ರೋನನ್ನು ವಾಣಿಜ್ಯ ಕೆಲಸಕ್ಕೆ ಹಾರಿಸುವವರಲ್ಲಿ ಚಾಲಕ ಪ್ರಮಾಣಪತ್ರವಿರಬೇಕು. ಆದರೆ ಇಷ್ಟೆಲ್ಲಾ ಏಕೆ ಬೇಕು? ಸೀರೆ ಕೊಳ್ಳುವವರು ಕಂಬವನ್ನು ಕೊಳ್ಳುವುದಿಲ್ಲ. ತಯಾರಿಕೆಯ ಸ್ಥಳವೇ ಹಲವು ವೇಳೆ ಉತ್ತಮ ಹಿನ್ನೆಲೆ. ಕಾಟೇಜ್ ಬೇಸಿನ್ನಿನ ಬಿಸಿನೀರಿನಲ್ಲಿ ತೇಲುವ ಗೂಡುಗಳಿಂದ ಎಳೆ ಏಳುವ ದೃಶ್ಯಕ್ಕಿಂತ ಮಿಗಿಲಾದ ಜಾಹೀರಾತು ರೇಷ್ಮೆಗೆ ಬೇರೊಂದಿಲ್ಲ.

ಹಾಗೆ ಕಾರ್ಖಾನೆಯ ಒಳಗೆ ಕ್ಯಾಮೆರಾ ತರುವಾಗ ಹಿನ್ನೆಲೆಯನ್ನು ಎಚ್ಚರಿಕೆಯಿಂದ ಗಮನಿಸಬೇಕು. ದೊಡ್ಡ ಖರೀದಿದಾರರು, ಮುಖ್ಯವಾಗಿ ವಿದೇಶಿಯರು, ಸರಕಿಗಿಂತ ಮೊದಲು ನೋಡುವುದು ಅದನ್ನೇ. ಜೋತಾಡುವ ವಿದ್ಯುತ್ ತಂತಿ, ಆಹಾರ ತಯಾರಿಕೆಯಲ್ಲಿ ತಲೆಗವಸಿಲ್ಲದ ಕೆಲಸಗಾರರು ಇವು ಚಿತ್ರದಲ್ಲಿ ಬಂದರೆ ವ್ಯವಹಾರ ಅಲ್ಲಿಗೆ ನಿಂತಂತೆಯೇ. ಶಾಲೆ ಬಿಟ್ಟು ತಾಯಿಯನ್ನು ಕಾಣಲು ಬಂದ ಮಗು ಯಂತ್ರದ ಪಕ್ಕದಲ್ಲಿ ನಿಂತಿದ್ದರೂ ನೋಡುವವರ ಮನಸ್ಸಿನಲ್ಲಿ ಬಾಲಕಾರ್ಮಿಕ ಪದ್ಧತಿಯ ಶಂಕೆ ಮೂಡುತ್ತದೆ. ಇವನ್ನು ಚಿತ್ರದಿಂದ ಅಳಿಸುವುದು ಪರಿಹಾರವಲ್ಲ, ಕಾರ್ಖಾನೆಯಲ್ಲಿಯೇ ಸರಿಪಡಿಸಬೇಕು. ಕೆಲಸಗಾರರ ಮುಖ ಜಾಹೀರಾತಿನಲ್ಲಿ ಬರುವುದಾದರೆ, ಅದು ಎಲ್ಲೆಲ್ಲಿ ಬಳಕೆಯಾಗುವುದೆಂದು ಅವರಿಗೆ ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ತಿಳಿಯುವಂತೆ ಹೇಳಿ, ಬರವಣಿಗೆಯಲ್ಲಿ ಒಪ್ಪಿಗೆ ಪಡೆದು, ಒಂದಿಷ್ಟು ಗೌರವಧನವನ್ನೂ ಕೊಡುವುದು ಸಭ್ಯತೆ.

ಮುಖದ ಮಾತು ಬಂದದ್ದರಿಂದ ತಾರೆಯರ ವಿಚಾರವನ್ನೂ ಪ್ರಸ್ತಾಪಿಸಬಹುದು. ಮೈಸೂರು ಸ್ಯಾಂಡಲ್ ಸಾಬೂನಿಗೆ ಚಿತ್ರನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಗಳಿಗೆ 6.20 ಕೋಟಿ ರೂ. ಸಂಭಾವನೆಯ ಮೇಲೆ 2025ರಲ್ಲಿ ರಾಯಭಾರಿಯಾಗಿ ನೇಮಿಸಿದಾಗ ನಾಡಿನಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಅದರ ಸರಿತಪ್ಪುಗಳು ಏನೇ ಇರಲಿ, 1916ರಲ್ಲಿ ಆರಂಭವಾದ ಆ ಕಾರ್ಖಾನೆಯ ಸಾಬೂನನ್ನು ಗ್ರಾಹಕರು ತಲೆಮಾರುಗಳಿಂದ ಗುರುತಿಸಿರುವುದು ಅದರ ಅಂಡಾಕಾರದಿಂದ, ಒಡವೆಯ ಪೆಟ್ಟಿಗೆಯಂಥ ಹೊದಿಕೆಯಿಂದ ಮತ್ತು ಸಿಂಹದ ಮೈಗೆ ಆನೆಯ ತಲೆಯುಳ್ಳ ಶರಭದ ಮುದ್ರೆಯಿಂದ. ಕಾರ್ಖಾನೆಯ ಸ್ಥಾಪನೆಯ ಕಾಲದಲ್ಲಿ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಇದೇ ಜಿಲ್ಲೆಯ ಮುದ್ದೇನಹಳ್ಳಿಯವರು. ಅದೇ ವರ್ಷ ಮೈಸೂರು ವಾಣಿಜ್ಯ ಮಂಡಳಿಯನ್ನು ಸ್ಥಾಪಿಸಿದವರೂ ಅವರೇ. ಮಂಚೇನಹಳ್ಳಿಯ ತಯಾರಕರಿಗೆ ತಾರೆಯರು ಎಟುಕುವುದಿಲ್ಲ ಎಂಬುದು ಕೊರತೆಯಲ್ಲ. ಎಲ್ಲ ಚಿತ್ರಗಳಲ್ಲಿಯೂ ಒಂದೇ ಹಿನ್ನೆಲೆಯ ಬಣ್ಣ, ಒಂದೇ ದಿಕ್ಕಿನ ಬೆಳಕು, ಮುದ್ರೆಗೆ ಒಂದೇ ಜಾಗ ಇದ್ದರೆ ನೋಡುವವರ ಕಣ್ಣಿಗೆ ಅದೇ ಗುರುತಾಗಿ ಬೀಳುತ್ತದೆ. ಇದು ಹಣದ ಕೆಲಸವಲ್ಲ, ಹಟದ ಕೆಲಸ.

ಚಿತ್ರವನ್ನು ತೆಗೆದ ಮೇಲೆ ಗಣಕದಲ್ಲಿ ತಿದ್ದುವುದು ಈಗ ಸುಲಭ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಬಂದ ಮೇಲಂತೂ ಸರಕಿಲ್ಲದೆಯೇ ಸರಕಿನ ಚಿತ್ರ ತಯಾರಾಗುತ್ತದೆ. ಹಿನ್ನೆಲೆಯ ದೂಳನ್ನು ತೆಗೆಯುವುದು ತಪ್ಪಲ್ಲ. ಗೋಡಂಬಿ ನಾಲ್ಕಿರುವ ಮಿಠಾಯಿಯಲ್ಲಿ ಹದಿನಾಲ್ಕು ತೋರಿಸುವುದು ತಪ್ಪು. ಗ್ರಾಹಕ ಸಂರಕ್ಷಣಾ ಕಾಯಿದೆ, 2019ರ ಮೇರೆಗೆ ದಾರಿ ತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ತಯಾರಕರಿಗೆ 10 ಲಕ್ಷ ರೂ.ವರೆಗೆ, ಮತ್ತೆ ಮಾಡಿದರೆ 50 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಜಾಹೀರಾತಿನಲ್ಲಿ ತೋರಿಸಿದ ಗುಣಗಳಿಗೆ ಹೊಂದದ ಸರಕನ್ನು ಹಿಂದಕ್ಕೆ ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲವೆಂದು 2020ರ ಇ-ವಾಣಿಜ್ಯ ನಿಯಮಗಳು ಹೇಳುತ್ತವೆ. ದಂಡಕ್ಕಿಂತ ಮೊದಲು ತಟ್ಟುವುದು ಸರಕು ಮರಳಿ ಬಂದ ಸಾಗಾಣಿಕೆಯ ವೆಚ್ಚ. ಸೀರೆಯ ವ್ಯಾಪಾರದಲ್ಲಿ ಬಣ್ಣವೇ ಜಗಳದ ಮೂಲವಾದ್ದರಿಂದ, ಚಿತ್ರ ತೆಗೆಯುವಾಗ ಪ್ರತಿ ಬೆಳಕಿನ ವ್ಯವಸ್ಥೆಯಲ್ಲಿ ಒಮ್ಮೆ ಬೂದುಬಣ್ಣದ ಕಾರ್ಡನ್ನು ಇಟ್ಟು ತೆಗೆದು, ಅದರ ಆಧಾರದ ಮೇಲೆ ಬಣ್ಣ ಸರಿಪಡಿಸಬೇಕೆಂದು ಛಾಯಾಗ್ರಾಹಕರಿಗೆ ಹೇಳುವುದು ಅಗತ್ಯ. ಸಣ್ಣ ಕಾರ್ಡು; ಆದರೆ ಎಷ್ಟೋ ಜಗಳಗಳನ್ನು ತಪ್ಪಿಸುತ್ತದೆ.

ಚಿತ್ರದ ಒಡೆತನ ಯಾರದೆಂಬುದು ವರ್ತಕರಲ್ಲಿ ಹೆಚ್ಚು ಗೊಂದಲವಿರುವ ವಿಷಯ. ಕೃತಿಸ್ವಾಮ್ಯ ಕಾಯಿದೆಯ 17ನೆಯ ಪ್ರಕರಣದಂತೆ, ಪ್ರತಿಫಲ ಕೊಟ್ಟು ತೆಗೆಸಿದ ಛಾಯಾಚಿತ್ರದ ಮೊದಲ ಒಡೆಯರು, ವಿರುದ್ಧವಾದ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ. ಇದು ತಯಾರಕರಿಗೆ ಅನುಕೂಲಕರವಾದ ನಿಯಮ. ಆದರೆ ‘ವಿರುದ್ಧವಾದ ಒಪ್ಪಂದ’ ಎಂಬ ಮಾತನ್ನು ಗಮನಿಸಬೇಕು. ಛಾಯಾಗ್ರಾಹಕರು ಕಳುಹಿಸಿದ ದರಪಟ್ಟಿಯ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಹಕ್ಕು ತಮ್ಮದೆಂದಿದ್ದು, ಅದಕ್ಕೆ ರುಜು ಹಾಕಿದರೆ ಹಕ್ಕು ಹೋದಂತೆ. ಇನ್ನೊಂದು ಸೂಕ್ಷ್ಮವಿದೆ. ಬಂಧುವೊಬ್ಬರು ಪ್ರೀತಿಯಿಂದ ಬಿಟ್ಟಿಯಾಗಿ ತೆಗೆದುಕೊಟ್ಟ ಚಿತ್ರಕ್ಕೆ ಪ್ರತಿಫಲವೇ ಇಲ್ಲವಾದ್ದರಿಂದ ಈ ನಿಯಮ ನೆರವಿಗೆ ಬರುವುದಿಲ್ಲ. ಅದರ ಹಕ್ಕು ಬಂಧುವಿನದೇ. ಸಂಬಂಧ ಕೆಟ್ಟ ದಿನ ಪೊಟ್ಟಣದ ಮೇಲಿನ ಚಿತ್ರವೂ ಕೆಡುತ್ತದೆ. ಹಕ್ಕನ್ನು ಬರೆಸಿಕೊಳ್ಳುವಾಗ ಅವಧಿ ನಮೂದಿಸದಿದ್ದರೆ 19ನೆಯ ಪ್ರಕರಣದಂತೆ ಅದು 5 ವರ್ಷಕ್ಕೆ ಮಾತ್ರ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ. ರಫ್ತಿನ ಆಸೆಯುಳ್ಳವರು ಇದನ್ನು ಮರೆಯಬಾರದು. 2012ರ ತಿದ್ದುಪಡಿಯ ಅನಂತರ ಛಾಯಾಚಿತ್ರದ ಕೃತಿಸ್ವಾಮ್ಯ ಛಾಯಾಗ್ರಾಹಕರ ಜೀವಮಾನ ಮತ್ತು ಮೇಲೆ 60 ವರ್ಷ ಉಳಿಯುವುದರಿಂದ, ಒಂದು ಪುಟದ ಕರಾರಿನ ಆಲಸ್ಯ ಮೊಮ್ಮಕ್ಕಳವರೆಗೂ ಹೋಗಬಹುದು. ಛಾಯಾಗ್ರಾಹಕರು ನೋಂದಾಯಿತರಾಗಿದ್ದರೆ ಬಿಲ್ಲಿನ ಮೇಲೆ ಶೇ. 18ರ ಜಿಎಸ್‌ಟಿ ಬರುತ್ತದೆ. ಹೂಡುವಳಿ ತೆರಿಗೆ ಜಮೆ ಪಡೆಯಲು ತನ್ನ ನೋಂದಣಿ ಸಂಖ್ಯೆಯನ್ನು ಮೊದಲೇ ಕೊಟ್ಟಿರಬೇಕು.

ಇಷ್ಟೆಲ್ಲವನ್ನೂ ಒಬ್ಬೊಬ್ಬರೇ ಮಾಡಿಕೊಳ್ಳಬೇಕೆಂದಿಲ್ಲ. ಐದಾರು ಉತ್ಪನ್ನಗಳಷ್ಟೇ ಇರುವ ತಯಾರಕರಿಗೆ ಇಡೀ ದಿನದ ಸಂಭಾವನೆ ಹೊರೆಯೇ ಸರಿ. ತಾಲ್ಲೂಕಿನ ವರ್ತಕರ ಸಂಘಗಳು ಆಷಾಢದಲ್ಲಿ ಎರಡು ದಿನ ಒಬ್ಬ ನುರಿತ ಛಾಯಾಗ್ರಾಹಕರನ್ನು ಕರೆಸಿ, ಹತ್ತು ಹನ್ನೆರಡು ಮಂದಿ ವೆಚ್ಚವನ್ನು ಹಂಚಿಕೊಳ್ಳುವ ವ್ಯವಸ್ಥೆ ಮಾಡಬಹುದು. ಕೊಠಡಿಯೊಂದು, ಎರಡು ಉದ್ದನೆಯ ಮೇಜು, ಬಿಳಿ ಕಾಗದದ ಸುರುಳಿ, ಜನರೇಟರು ಇದ್ದರೆ ಸಾಕು. ಊರಿನ ಸ್ಟುಡಿಯೋದ ಯುವಕರನ್ನು ಸಹಾಯಕ್ಕೆ ಸೇರಿಸಿಕೊಂಡರೆ ಮುಂದಿನ ವರ್ಷ ಹೊರಗಿನವರನ್ನು ಕರೆಸುವ ಪ್ರಮೇಯವೂ ಬಾರದಿರಬಹುದು. ಚಿತ್ರಗಳ ಮೂಲ ಕಡತಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ತರಿಸಿಕೊಂಡರೆ ಕುಗ್ಗಿ ಬರುತ್ತವೆ; ಅವುಗಳನ್ನು ಪೆನ್‌ಡ್ರೈವಿನಲ್ಲಿ ಪಡೆದು, ಒಂದು ಪ್ರತಿಯನ್ನು ಸಂಘದ ಕಚೇರಿಯ ಗಣಕದಲ್ಲಿಯೂ ಇಡುವುದಾದರೆ ಮುದ್ರಣಾಲಯದವರು ಕೇಳಿದ ದಿನ ಹುಡುಕಾಟವಿರುವುದಿಲ್ಲ.